ಭಾನುವಾರ "ಇರೇಸ್ ಡಿಸ್ಕ್" ಒತ್ತುವ ಮುಂಚೆ ಇದನ್ನು ಓದಿ

ನಮ್ಮ ಲಿನಕ್ಸ್ ಗುಂಪಿನಲ್ಲಿ ನೀವು ಬರೆದಿದ್ದು ಓದಿ ಕೈಕೆಲಸ ಬಿಟ್ಟು ಕೂತಿದ್ದೇನೆ. "ಅಪ್ಪನ ಹಳೇ ಲ್ಯಾಪ್‌ಟಾಪ್, 5ನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, ವಿಂಡೋಸ್ 10. ಭಾನುವಾರ ಪೂರ್ತಿ ಅಳಿಸಿ ಲಿನಕ್ಸ್ ಮಿಂಟ್ ಹಾಕ್ತೀನಿ. ಫೈಲೆಲ್ಲಾ ಡಿ ಡ್ರೈವ್‌ಗೆ ಹಾಕಿದ್ದೀನಿ, ಅದಕ್ಕೇನೂ ಆಗಲ್ಲ ಅಲ್ವಾ?"

ಆಗುತ್ತದೆ. ಡಿ ಡ್ರೈವ್ ಪೂರ್ತಿ ಹೋಗುತ್ತದೆ.

ಡಿ ಡ್ರೈವ್ ಬೇರೆ ಡಿಸ್ಕ್ ಅಲ್ಲ. ನಮ್ಮ ಕಡೆ ಅಂಗಡಿಯವರು ಒಂದೇ ಹಾರ್ಡ್ ಡಿಸ್ಕನ್ನು ಸಿ, ಡಿ, ಇ ಅಂತ ತುಂಡು ಮಾಡಿ ಕೊಡುತ್ತಾರೆ. ವಿಂಡೋಸ್ ಮತ್ತೆ ಹಾಕುವಾಗ ಸಿ ಮಾತ್ರ ಫಾರ್ಮ್ಯಾಟ್ ಮಾಡಿ ಡಿ ಉಳಿಸುವುದು ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ. ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕುವ ಮುಕ್ತ ಆಪರೇಟಿಂಗ್ ಸಿಸ್ಟಮ್, ಮಿಂಟ್ ಅದರ ಒಂದು ಬಗೆ. ಅದರ ಇನ್‌ಸ್ಟಾಲರ್‌ನಲ್ಲಿ "ಇರೇಸ್ ಡಿಸ್ಕ್" ಅಂದರೆ ಡಿಸ್ಕ್ ಪೂರ್ತಿ. ಅದಕ್ಕೆ ಸಿ, ಡಿ ಎಂಬ ಹೆಸರೇ ಗೊತ್ತಿಲ್ಲ.

ಇದನ್ನು ನಾನು ಮಾಡಿ ಅನುಭವಿಸಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿ ಬೆಂಬಲ ನಿಂತಿತು. ಈಗ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಆದ ಹಾಗೇ. ಆಗಲೂ ಇದೇ ಗಡಿಬಿಡಿ. ಮಲೆನಾಡಿನಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ 160 ಜಿಬಿ ಡಿಸ್ಕಿನ ಒಂದು ಕಂಪ್ಯೂಟರ್ ಇತ್ತು. ಆರು ವರ್ಷದ ಅಡಿಕೆ ಲೆಕ್ಕ, ದೇವಸ್ಥಾನದ ಸಮಿತಿ ಠರಾವುಗಳು, ಮನೆತನದ ವಂಶಾವಳಿ, ಎಲ್ಲ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಡಿ ಡ್ರೈವ್‌ನಲ್ಲಿ ಇಟ್ಟಿದ್ದರು. ನಾನು ಲಿನಕ್ಸ್‌ನ ಇನ್ನೊಂದು ಬಗೆಯಾದ ಉಬುಂಟು 14.04 ತಗೊಂಡು ಹೋದೆ. ಇನ್‌ಸ್ಟಾಲರ್ ಎಚ್ಚರಿಕೆ ಕೊಟ್ಟಿತ್ತು, ದಾಖಲೆ, ಫೋಟೊ, ಹಾಡು ಎಲ್ಲ ಅಳಿಸಿಹೋಗುತ್ತದೆ ಅಂತ. ಅದು ಸಿ ಡ್ರೈವ್ ಮಾತು ಅಂದುಕೊಂಡು ಮುಂದೆ ಒತ್ತಿದೆ. ಅರ್ಧ ಗಂಟೆ ಆದಮೇಲೆ ಮಾವ ಕಾಫಿ ಲೋಟ ಹಿಡಿದು ಬಂದು, "ಅಡಿಕೆ ಲೆಕ್ಕದ ಫೋಲ್ಡರ್ ಎಲ್ಲಿ ಹೋಯ್ತೋ?" ಅಂತ ಕೇಳಿದರು.

ಆಗ ಮಾಡಿದ ಒಂದೇ ಒಳ್ಳೆ ಕೆಲಸ, ತಕ್ಷಣ ಪ್ಲಗ್ ಕಿತ್ತಿದ್ದು. ಹೋದ ಫೈಲಿನ ಜಾಗದ ಮೇಲೆ ಹೊಸದು ಬರೆದರೆ ಮತ್ತೆ ಸಿಗುವುದಿಲ್ಲ. ಡಿಸ್ಕ್ ಬಿಚ್ಚಿ ಮನೆಗೆ ತಂದು, ಬೇರೆ ಕಂಪ್ಯೂಟರ್‌ಗೆ ಹಾಕಿ, ರಾತ್ರಿಯಿಡೀ ಫೋಟೊರೆಕ್ ಓಡಿಸಿದೆ. ಅಳಿಸಿಹೋದ ಫೈಲನ್ನು ಹುಡುಕಿ ಎತ್ತುವ ಮುಕ್ತ ತಂತ್ರಾಂಶ ಅದು. ಬೆಳಗ್ಗೆ ನೋಡಿದರೆ ಫೋಲ್ಡರ್‌ಗೆ 500ರಂತೆ ಸಾವಿರಾರು ಫೈಲು, ಒಂದಕ್ಕೂ ಹೆಸರಿಲ್ಲ. ಎಫ್ ಅಕ್ಷರ, ಆಮೇಲೆ ಒಂದು ನಂಬರ್, ಅಷ್ಟೇ. ಫೋಟೊರೆಕ್ ಹಾಗೇ ಕೊಡುವುದು. ಅದು ಫೈಲಿನ ಒಳಗಿನ ಗುರುತು ನೋಡಿ ಎತ್ತುತ್ತದೆ, ಹೆಸರು ಅದಕ್ಕೆ ಸಿಗುವುದಿಲ್ಲ.

ಅಷ್ಟರಲ್ಲಿ ಅಡಿಕೆ ಲೆಕ್ಕ ಹುಡುಕುವುದು ಹೇಗೆ? ನುಡಿಯ ಹಳೇ ಆಸ್ಕಿ ಫೈಲಿನಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡ ಫಾಂಟ್ ಹೊದಿಸಿರುತ್ತಾರೆ. "ಕನ್ನಡ" ಅಂತ ಟೈಪ್ ಮಾಡಿದ್ದು ಫಾಂಟ್ ಇಲ್ಲದಿದ್ದರೆ ದೊಡ್ಡ ಪಿ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಗುರುತು, ಹೀಗೆ ಕಾಣುತ್ತದೆ. ಈ ಗುಂಪಿನಲ್ಲಿ ಎಲ್ಲರೂ ಒಂದಲ್ಲ ಒಂದು ದಿನ ಇದನ್ನು ನೋಡಿರುತ್ತೀರಿ. "ಅಡಿಕೆ" ಅನ್ನುವುದು ಆ ಲೆಕ್ಕದಲ್ಲಿ ದೊಡ್ಡ ಸಿ, ಚಿಕ್ಕ ಆರ್, ದೊಡ್ಡ ಪಿ, ಕೊನೆಗೆ ಗೆರೆ ಇರುವ ಇ. ಗೆರೆ ಇರುವ ಅಕ್ಷರ ಹುಡುಕಾಟಕ್ಕೆ ಸಿಗುತ್ತಿರಲಿಲ್ಲ. ಅದನ್ನು ಬಿಟ್ಟು ಮೊದಲ ಮೂರು ಅಕ್ಷರ ಮಾತ್ರ ಗ್ರೆಪ್ ಎಂಬ ಹುಡುಕುವ ಆಜ್ಞೆಗೆ ಕೊಟ್ಟೆ. ಲೆಕ್ಕದ ಫೈಲುಗಳು ಒಂದೊಂದಾಗಿ ಎದ್ದು ಬಂದವು. ಠರಾವಿಗೆ, ವಂಶಾವಳಿಗೆ ಹೀಗೇ ಬೇರೆ ಬೇರೆ ಪದ ಹುಡುಕುತ್ತಾ ಒಂದು ವಾರ ಸಂಜೆ ಪೂರ್ತಿ ಕೂತೆ.

ಲೆಕ್ಕ ಬಹುಪಾಲು ಸಿಕ್ಕಿತು. ಅತ್ತೆಯ ತಾಯಿ ಸೋಬಾನೆ ಹೇಳಿದ ವಿಡಿಯೊ ಒಂದಿತ್ತು, ಅದು ಪೂರ್ತಿ ಸಿಗಲಿಲ್ಲ. ದೊಡ್ಡ ಫೈಲು ಡಿಸ್ಕಿನಲ್ಲಿ ಚೂರು ಚೂರಾಗಿ ಕೂತಿರುತ್ತದೆ, ಆ ಚೂರುಗಳನ್ನು ಜೋಡಿಸಲು ಫೋಟೊರೆಕ್‌ಗೆ ಕಷ್ಟ. ಮೊದಲ ಕೆಲವು ಸೆಕೆಂಡು ಓಡಿ ನಿಲ್ಲುತ್ತಿತ್ತು. ಅಜ್ಜಿ ಆಗಲೇ ತೀರಿಕೊಂಡಿದ್ದರು. ಮಾವ ಇವತ್ತಿಗೂ ಆ ಬಗ್ಗೆ ಒಂದು ಮಾತು ಆಡಿಲ್ಲ.

ಅದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರಿಂದ ಅಷ್ಟಾದರೂ ಬಂತು, ನೆನಪಿಡಿ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಆದರೆ ಅಳಿಸಿದ ಕೂಡಲೇ ಟ್ರಿಮ್ ಎಂಬ ಆಜ್ಞೆ ಆ ಜಾಗವನ್ನು ಖಾಲಿ ಅಂತ ಡಿಸ್ಕಿಗೇ ಹೇಳಿಬಿಡುತ್ತದೆ. ಆಮೇಲೆ ಫೋಟೊರೆಕ್ ಓಡಿಸಿದರೂ ಹೆಚ್ಚಾಗಿ ಸಿಗುವುದು ಸೊನ್ನೆ.

ಆವತ್ತಿನಿಂದ ನಾನು ಹಿಡಿದ ದಾರಿ ಒಂದೇ. ಹಳೇ ಡಿಸ್ಕಿನ ಮೇಲೆ ಇನ್‌ಸ್ಟಾಲ್ ಮಾಡುವುದೇ ಇಲ್ಲ. ಹಳೇದನ್ನು ಬಿಚ್ಚಿ ಹೊರಗಿಟ್ಟು, ಹೊಸ ಎಸ್‌ಎಸ್‌ಡಿ ಹಾಕಿ, ಅದರ ಮೇಲೆ ಲಿನಕ್ಸ್. ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಡುವ ಡ್ಯುಯಲ್ ಬೂಟ್ ಇಲ್ಲ, ಪಾರ್ಟಿಶನ್ (ಡಿಸ್ಕಿನ ತುಂಡು) ಕುಗ್ಗಿಸುವುದಿಲ್ಲ. ಒಳಗೆ ಇಲ್ಲದ ಡಿಸ್ಕನ್ನು ಯಾವ ಇನ್‌ಸ್ಟಾಲರೂ ಅಳಿಸಲಾರದು. ನಿಮ್ಮ 5ನೇ ಜನರೇಶನ್ ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ 2.5 ಇಂಚಿನ ಸಾಟಾ ಡಿಸ್ಕ್ ಇರುತ್ತದೆ. 240 ಜಿಬಿ ಸಾಟಾ ಎಸ್‌ಎಸ್‌ಡಿ ಸಾಕು. ಹೆಸರಿರುವ ಕಂಪನಿಯದು ಯಾವುದಾದರೂ ಸರಿ. ಹೆಸರೇ ಕೇಳದ ಅಗ್ಗದ ಬ್ರ್ಯಾಂಡ್ ಬೇಡವೇ ಬೇಡ, ನೂರಿನ್ನೂರು ಉಳಿಸಲು ಹೋಗಬೇಡಿ.

ಬಿಚ್ಚುವಾಗ ಚಾರ್ಜರ್ ತೆಗೆಯಿರಿ, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಒಂದು ಹಾಳೆಯ ಮೇಲೆ ಇಡಿ, ಪಕ್ಕದಲ್ಲಿ ಎಲ್ಲಿಯದು ಅಂತ ಬರೆಯಿರಿ. ಉದ್ದ ಸ್ಕ್ರೂ ಗಿಡ್ಡ ಸ್ಕ್ರೂ ಜಾಗಕ್ಕೆ ಹೋದರೆ ಮೇಲಿನ ಪ್ಲಾಸ್ಟಿಕ್ ಒಡೆದು ಬರುತ್ತದೆ. ಡಿಸ್ಕ್ ಕೂತಿರುವ ತಗಡಿನ ಚೌಕಟ್ಟು ಬಿಸಾಡಬೇಡಿ, ಎಸ್‌ಎಸ್‌ಡಿಗೂ ಅದೇ ಬೇಕು. ಹಳೇ ಡಿಸ್ಕಿಗೆ ಒಂದು ಯುಎಸ್‌ಬಿ ಕೇಸಿಂಗ್ ತಂದು ಹಾಕಿ, ಮೇಲೆ ತಾರೀಕು ಬರೆದ ಚೀಟಿ ಅಂಟಿಸಿ. ಬೇಕಾದ ಫೈಲನ್ನು ಅದರಿಂದ ನಿಧಾನವಾಗಿ ಕಾಪಿ ಮಾಡಿಕೊಳ್ಳಬಹುದು. ಕನಿಷ್ಠ ಆರು ತಿಂಗಳು ಅದನ್ನು ಫಾರ್ಮ್ಯಾಟ್ ಮಾಡಬೇಡಿ.

ಬಿಚ್ಚುವ ಮುಂಚೆ ವಿಂಡೋಸ್‌ನಲ್ಲಿ ಎರಡು ವಿಷಯ ನೋಡಿ. ಡ್ರೈವ್ ಗುರುತಿನ ಮೇಲೆ ಬೀಗದ ಚಿತ್ರ ಇದ್ದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆ ಅಂತ. ಆಗ ಅದನ್ನು ಆಫ್ ಮಾಡಿ, ಇಲ್ಲವೇ 48 ಅಂಕಿಯ ರಿಕವರಿ ಕೀ ಬರೆದಿಡಿ. ಅದಿಲ್ಲದೆ ಕೇಸಿಂಗ್‌ಗೆ ಹಾಕಿದರೆ ಏನೂ ತೆರೆಯುವುದಿಲ್ಲ. ಇನ್ನೊಂದು, ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯ ಡಿಸ್ಕನ್ನು ಲಿನಕ್ಸ್ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. "ಲಿನಕ್ಸ್‌ನಲ್ಲಿ ಫೈಲ್ ಸೇವ್ ಆಗ್ತಿಲ್ಲ" ಅಂತ ಇಲ್ಲಿ ಬರುವ ಎಷ್ಟೋ ಪ್ರಶ್ನೆಗೆ ಇದೇ ಕಾರಣ.

ಇನ್ನೊಂದು ಮಾತು. "ಫೈಲೆಲ್ಲಾ ಡಿನಲ್ಲಿದೆ" ಅನ್ನುವುದನ್ನೂ ಪೂರ್ತಿ ನಂಬಬೇಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಇವೆಲ್ಲ ಸಿನಲ್ಲೇ ಇರುತ್ತವೆ. ಅಪ್ಪಂದಿರು ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೆ ಇಡುತ್ತಾರೆ. ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್‌ನಲ್ಲಿ ನುಡಿ ಫಾಂಟುಗಳೂ ಇರುತ್ತವೆ. ಅವನ್ನು ಮರೆಯದೆ ಕಾಪಿ ಮಾಡಿ.

ಗುಂಪಿನಲ್ಲಿ ನಿಮಗೆ ಒಬ್ಬರು ಪಪ್ಪಿ ಲಿನಕ್ಸ್ ಹಾಕಿ, ಇನ್ನೊಬ್ಬರು ಕಾಲಿ ಲಿನಕ್ಸ್ ಹಾಕಿ ಎಂದಿದ್ದಾರೆ. ದಯವಿಟ್ಟು ಬೇಡ. ಕಾಲಿ ಇರುವುದು ಭದ್ರತಾ ಪರೀಕ್ಷೆ ಮಾಡುವವರಿಗೆ. ದಿನಬಳಕೆಗೆ ಅದು ತಕ್ಕದ್ದಲ್ಲ ಅಂತ ಅದನ್ನು ಮಾಡುವವರೇ ಹೇಳುತ್ತಾರೆ. ಪಪ್ಪಿ ಹಗುರ ನಿಜ, ಆದರೆ ಮೊದಲಿನಿಂದಲೂ ಎಲ್ಲ ಕೆಲಸ ರೂಟ್ ಆಗಿಯೇ, ಅಂದರೆ ಯಂತ್ರದ ಪೂರ್ತಿ ಅಧಿಕಾರ ಕೊಟ್ಟೇ ಮಾಡಿಸುತ್ತದೆ. ಆನ್‌ಲೈನ್ ಬ್ಯಾಂಕ್ ವ್ಯವಹಾರ ಮಾಡುವ ಅಪ್ಪನಿಗೆ ಅದು ಸರಿಯಲ್ಲ. ನಾವು ಕಲಿಯಲು ಹಾಕಿಕೊಳ್ಳುವುದು ಬೇರೆ, ಮನೆಯ ಹಿರಿಯರ ಕೈಗೆ ಕೊಡುವುದು ಬೇರೆ. ನಿಮ್ಮ ಆಯ್ಕೆ ಮಿಂಟ್ ಸರಿಯಾಗಿದೆ. 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಅದು ಬೇರೆ ಬೇರೆ ಡೆಸ್ಕ್‌ಟಾಪ್ ರೂಪದಲ್ಲಿ ಸಿಗುತ್ತದೆ. 4 ಜಿಬಿಗೆ ಭಾರದ ಸಿನಮನ್ ಬೇಡ, ಹಗುರವಾದ ಎಕ್ಸ್‌ಎಫ್‌ಸಿಇ ತಗೊಳ್ಳಿ. ಉಬುಂಟು ಕೆಟ್ಟದ್ದಲ್ಲ, ಅದರಲ್ಲೇ ನಾನು ಲಿನಕ್ಸ್ ಕಲಿತದ್ದು. ಆದರೆ ಅದರ ಫೈರ್‌ಫಾಕ್ಸ್ ಬ್ರೌಸರ್ ಸ್ನ್ಯಾಪ್ ಎಂಬ ಪ್ಯಾಕೇಜ್ ಆಗಿ ಬರುತ್ತದೆ, ಹಳೇ ಯಂತ್ರದಲ್ಲಿ ಮೊದಲ ಸಲ ತೆರೆಯಲು ಜಾಸ್ತಿ ಹೊತ್ತು ಹಿಡಿಯುತ್ತದೆ.

ಸಾಧ್ಯವಾದರೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಿ. ಇಂಥ ಲ್ಯಾಪ್‌ಟಾಪಿಗೆ ಡಿಡಿಆರ್3ಎಲ್, ಅಂದರೆ 1.35 ವೋಲ್ಟಿನದು ಬೇಕು. ಅಂಗಡಿಯಲ್ಲಿ "ಎರಡೂ ಒಂದೇ" ಅಂತ 1.5 ವೋಲ್ಟಿನ ಡಿಡಿಆರ್3 ಕೊಟ್ಟರೆ ತಗೊಳ್ಳಬೇಡಿ.

ಪೆನ್‌ಡ್ರೈವ್‌ಗೆ ನಾನು ಅದರಿಂದಲೇ ಬೂಟ್ ಮಾಡಿಸುವ ವೆಂಟಾಯ್ ಎಂಬ ತಂತ್ರಾಂಶ ಬಳಸುತ್ತೇನೆ, ಲಿನಕ್ಸ್‌ನ ಐಎಸ್‌ಒ (ಇನ್‌ಸ್ಟಾಲ್) ಫೈಲನ್ನು ಸುಮ್ನೆ ಕಾಪಿ ಮಾಡಿದರೆ ಆಯಿತು. ಡೌನ್‌ಲೋಡ್ ಆದಮೇಲೆ ಫೈಲ್ ಸರಿಯಾಗಿ ಬಂದಿದೆಯೇ ಅಂತ ತಿಳಿಸುವ ಚೆಕ್‌ಸಮ್ ನೋಡಿ. ಹಳ್ಳಿ ನೆಟ್‌ನಲ್ಲಿ ಅರ್ಧಕ್ಕೆ ನಿಂತು ಮುಂದುವರಿದ ಐಎಸ್‌ಒ ಎಷ್ಟೋ ಸಲ ಕೆಟ್ಟಿರುತ್ತದೆ. ಶನಿವಾರವೇ ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ವೈಫೈ, ಸೌಂಡ್, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರ ಆಗುತ್ತದೆಯೇ, ಇಷ್ಟು ನೋಡಿಕೊಳ್ಳಿ. ಲೈವ್‌ನಲ್ಲಿರುವಾಗ ಹಳೇ ಡಿಸ್ಕ್ ಒಳಗೇ ಇರುತ್ತದೆ, ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಗುರುತು ಮುಟ್ಟಬೇಡಿ. ವೈಫೈ ಕಾಣದಿದ್ದರೆ ಗಾಬರಿ ಬೇಡ. ಫೋನಿಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಆ ನೆಟ್‌ನಿಂದ ಡ್ರೈವರ್ ಮ್ಯಾನೇಜರ್ ಓಡಿಸಿ. ಬ್ರಾಡ್‌ಕಾಮ್ ಕಂಪನಿಯ ವೈಫೈ ಕಾರ್ಡುಗಳಿಗೆ ಹೆಚ್ಚಾಗಿ ಇದೇ ಮದ್ದು.

ಅಪ್ಪ ಕನ್ನಡದಲ್ಲಿ ಟೈಪ್ ಮಾಡುವವರಾದರೆ ಅದನ್ನೇ ಮೊದಲು ಸರಿಮಾಡಿ, ಉಳಿದದ್ದು ಆಮೇಲೆ. ಹಿರಿಯರು ಲಿನಕ್ಸ್ ಬಿಡುವುದು ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ಗೆ ಹೆದರಿ ಅಲ್ಲ, ಕನ್ನಡ ಬರಲಿಲ್ಲ ಅಂತ. ನುಡಿಯ ಕಗಪ ಕೀಲಿಮಣೆ ಮಿಂಟ್‌ನಲ್ಲೇ ಇದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್‌ಗೆ ಹೋಗಿ, "ಯೂಸ್ ಸಿಸ್ಟಮ್ ಡಿಫಾಲ್ಟ್ಸ್" ಆಫ್ ಮಾಡಿ. ಅದನ್ನು ಆಫ್ ಮಾಡದೆ ಸೇರಿಸುವ ಬಟನ್ನೇ ಕೆಲಸ ಮಾಡುವುದಿಲ್ಲ. ಆಮೇಲೆ ಇಂಡಿಯನ್ ಅಡಿಯಲ್ಲಿ ಕನ್ನಡ ಕಗಪ ಫೊನೆಟಿಕ್ ಸೇರಿಸಿ. ಎಫ್ ಒತ್ತಿದರೆ ಒತ್ತಕ್ಷರ, ನುಡಿಯಲ್ಲಿ ಇದ್ದ ಹಾಗೇ. ಅಪ್ಪನ ಬೆರಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಬರಹ ತಂತ್ರಾಂಶದ ಥರ ಇಂಗ್ಲಿಷ್ ಉಚ್ಚಾರಣೆಯಲ್ಲಿ ಟೈಪ್ ಮಾಡುವವರಾದರೆ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿ, ಅದರಲ್ಲಿ ಐಟ್ರಾನ್ಸ್ ಎಂಬ ಕ್ರಮ ಇದೆ. ಪೂರ್ತಿ ಬರಹದಂತೆ ಅಲ್ಲ, ಆದರೆ ಒಂದೆರಡು ದಿನದಲ್ಲಿ ಒಗ್ಗುತ್ತದೆ. ಫಾಂಟಿಗೆ ಗುಬ್ಬಿ, ನವಿಲು ಎರಡೂ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ. ವಿಂಡೋಸ್‌ನ ತುಂಗಾ ಫಾಂಟಿನಲ್ಲಿ ಮಾಡಿದ ಪತ್ರ ಇಲ್ಲಿ ತೆರೆದರೆ ಬೇರೆ ಫಾಂಟ್ ಬಂದು ಪುಟದ ಅಳತೆ ಆಚೀಚೆ ಆಗುತ್ತದೆ. ಕಳಿಸುವ ಪತ್ರವನ್ನು ಪಿಡಿಎಫ್ ಮಾಡಿ ಕಳಿಸುವ ಅಭ್ಯಾಸ ಮಾಡಿಸಿ.

ಹಳೇ ನುಡಿ ಫೈಲು ಓದಲು ಕಾಪಿ ಮಾಡಿಟ್ಟ ಫಾಂಟ್ ಹಾಕಿದರೆ ಸಾಕು, ಮಿಂಟಿನ ಲಿಬ್ರೆಆಫೀಸ್‌ನಲ್ಲಿ ಕಾಣುತ್ತದೆ. ತಿದ್ದುವುದಿದ್ದರೆ ಮಾತ್ರ ಯುನಿಕೋಡ್‌ಗೆ, ಅಂದರೆ ನಿಜವಾದ ಕನ್ನಡ ಅಕ್ಷರಗಳಿಗೆ ಬದಲಾಯಿಸಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಾಯಿಸಿದ ಮೇಲೆ "ಖರ್ಚು" ಅನ್ನುವ ಪದ ಒಂದನ್ನು ಹುಡುಕಿ ನೋಡಿ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ಕೊನೆಗೆ ಬರುತ್ತದೆ, ಯುನಿಕೋಡ್‌ನಲ್ಲಿ ಮುಂಚೆ ಬರಬೇಕು. ಪರಿವರ್ತಕ ಎಡವುವುದಾದರೆ ಅಲ್ಲೇ ಎಡವುತ್ತದೆ. ಮೂಲ ಫೈಲ್ ಅಳಿಸಬೇಡಿ.

ಟ್ಯಾಲಿ ಇದ್ದರೆ, ಅಥವಾ ಟೆಂಡರ್‌ಗೆ ಡಿಜಿಟಲ್ ಸಹಿಯ ಡಾಂಗಲ್ ಬಳಸುತ್ತಿದ್ದರೆ ಈ ಯಂತ್ರ ಮುಟ್ಟಬೇಡಿ. ಟ್ಯಾಲಿ ಲಿನಕ್ಸ್‌ಗೆ ಇಲ್ಲ. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್‌ನಲ್ಲಿ ಓಡಿಸುತ್ತೇನೆ ಅಂತ ಮಾರ್ಚ್ ಕೊನೆಯಲ್ಲಿ ಪರದಾಡುವುದು ಬೇಡ, ಅದಕ್ಕೆ ವಿಂಡೋಸ್ ಯಂತ್ರ ಒಂದು ಬೇರೆ ಇರಲಿ. ನನಗೆ ಮುಕ್ತ ತಂತ್ರಾಂಶ ಅಂದರೆ ಪ್ರಾಣ, ಆದರೂ ಇದನ್ನೇ ಹೇಳುತ್ತೇನೆ.

ಬ್ಯಾಟರಿ ಸತ್ತಿರುವ ಲ್ಯಾಪ್‌ಟಾಪ್ ಆದರೆ ಕರೆಂಟ್ ಹೋಗುವ ಹೊತ್ತು ತಪ್ಪಿಸಿ ಇನ್‌ಸ್ಟಾಲ್ ಮಾಡಿ, ಇಲ್ಲವೇ ಇನ್ವರ್ಟರ್ ಲೈನಿಗೆ ಹಾಕಿ. ಮುಗಿದ ಕೂಡಲೇ, ಸಿಸ್ಟಮ್ ಕೆಟ್ಟರೆ ಹಿಂದಿನ ಸ್ಥಿತಿಗೆ ತರುವ ಟೈಮ್‌ಶಿಫ್ಟ್ ಹೊಂದಿಸಿ. ಅದು ಸಿಸ್ಟಮ್ ಮಾತ್ರ ಉಳಿಸುತ್ತದೆ, ಹೋಮ್ ಫೋಲ್ಡರ್ ತಾನಾಗಿ ಸೇರಿಸುವುದಿಲ್ಲ. ಅಪ್ಪನ ಫೈಲಿಗೆ ಪೆನ್‌ಡ್ರೈವ್ ಬೇರೆಯೇ ಬೇಕು.

ಪ್ರಿಂಟರ್ ಯಾವುದು ಅಂತ ನೀವು ಬರೆದಿಲ್ಲ. ಎಚ್‌ಪಿ ಆದರೆ ಎಚ್‌ಪಿಲಿಪ್ ಎಂಬ ಡ್ರೈವರ್ ಇದೆ, ಹೆಚ್ಚಿನವು ತೊಂದರೆ ಕೊಡುವುದಿಲ್ಲ. ಬ್ರದರ್‌ನವರು ಲಿನಕ್ಸ್ ಡ್ರೈವರ್ ತಾವೇ ಕೊಡುತ್ತಾರೆ. ಬೇರೆ ಕೆಲವು ಹಳೇ ಲೇಸರ್‌ಗಳು ಒಂದು ದಿನ ಪೂರ್ತಿ ತಿನ್ನುತ್ತವೆ. ಮಾಡೆಲ್ ನಂಬರ್ ಇಲ್ಲಿ ಹಾಕಿ, ಲ್ಯಾಪ್‌ಟಾಪಿನ ತಳದ ಚೀಟಿಯ ಫೋಟೊನೂ ಹಾಕಿ. ಸೀರಿಯಲ್ ನಂಬರ್ ಮೇಲೆ ಬೆರಳಿಟ್ಟು ತೆಗೆಯಿರಿ. ಎಸ್‌ಎಸ್‌ಡಿ ಕೈಗೆ ಬರುವವರೆಗೆ ಭಾನುವಾರದ ಕೆಲಸ ಮುಂದೂಡಿ. ಬಂದ ದಿನ ಹೇಳಿ, ಬೆಳಗ್ಗೆ ಹತ್ತರಿಂದ ನಾನು ಗುಂಪಿನಲ್ಲೇ ಇರುತ್ತೇನೆ.