ಎಆರ್‌ಟಿ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಕ್ಯಾನ್ಸರ್ ಬರುತ್ತದೆಯೇ?

ನಿಮ್ಮ ಅಕ್ಕ ಎಚ್‌ಐವಿಗೆ ಹಲವು ವರ್ಷಗಳಿಂದ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಅದರಿಂದ ಕ್ಯಾನ್ಸರ್ ಬರುತ್ತದೆಂದು ಯಾರೋ ಹೇಳಿದ್ದಕ್ಕೆ ನಿಲ್ಲಿಸುವ ಯೋಚನೆಯಲ್ಲಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ನಿಲ್ಲಿಸಲು ಬಿಡಬೇಡಿ. ನಾನು ಎಆರ್‌ಟಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿ. ಈ ಮಾತು ನಂಬಿ ಮಾತ್ರೆ ಬಿಟ್ಟವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ನಿಜ ಇದಕ್ಕೆ ತದ್ವಿರುದ್ಧ. ರೋಗದ ವಿರುದ್ಧ ಹೋರಾಡುವ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ಎಚ್‌ಐವಿ ಕೊಲ್ಲುತ್ತಾ ಹೋದಂತೆ, ಮೈಯಲ್ಲಿ ಅಡಗಿರುವ ಬೇರೆ ವೈರಸ್‌ಗಳನ್ನು ಹದ್ದುಬಸ್ತಿನಲ್ಲಿಡುವವರು ಯಾರೂ ಇರುವುದಿಲ್ಲ. ಕಪೋಸಿ ಸಾರ್ಕೋಮಾ (ಹೆಚ್ಚಾಗಿ ಚರ್ಮದಲ್ಲಿ ಕಾಣುವ ಕ್ಯಾನ್ಸರ್), ಕೆಲವು ಬಗೆಯ ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್), ಗರ್ಭಕಂಠದ ಕ್ಯಾನ್ಸರ್ ಹುಟ್ಟುವುದು ಇಂಥ ವೈರಸ್‌ಗಳಿಂದ. 1981ರಲ್ಲಿ ಅಮೆರಿಕದ ವೈದ್ಯರು ಏಡ್ಸ್ ಅನ್ನು ಮೊದಲು ಗುರುತಿಸಿದಾಗ ಕಣ್ಣಿಗೆ ಬಿದ್ದ ಕಾಯಿಲೆಗಳಲ್ಲಿ ಕಪೋಸಿಯೂ ಒಂದು. 1996ರ ಸುಮಾರಿಗೆ ಔಷಧಿಗಳನ್ನು ಒಟ್ಟುಗೂಡಿಸಿ ಕೊಡುವ ಚಿಕಿತ್ಸೆ ಬಂದ ಮೇಲೆ ಅಲ್ಲಿ ಕಪೋಸಿ ಮತ್ತು ಲಿಂಫೋಮಾ ಗಣನೀಯವಾಗಿ ಇಳಿದವು. 2015ರಲ್ಲಿ ಪ್ರಕಟವಾದ 'ಸ್ಟಾರ್ಟ್' ಅಧ್ಯಯನ ಇನ್ನೂ ಸ್ಪಷ್ಟ. ಎಚ್‌ಐವಿ ಇದ್ದು, ರಕ್ತದಲ್ಲಿ ಸಿಡಿ4 ಕಣಗಳ ಎಣಿಕೆ ಇನ್ನೂ 500ಕ್ಕಿಂತ ಹೆಚ್ಚಿದ್ದ 4,685 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೂಡಲೇ ಮಾತ್ರೆ ಕೊಟ್ಟರು, ಉಳಿದವರಿಗೆ ತಡವಾಗಿ. ಕೂಡಲೇ ಶುರುಮಾಡಿದವರಲ್ಲಿ 14 ಮಂದಿಗೆ ಕ್ಯಾನ್ಸರ್ ಬಂತು; ಕಾದವರಲ್ಲಿ 39 ಮಂದಿಗೆ.

ಹಾಗಾದರೆ ಆ ಮಾತು ಹುಟ್ಟಿದ್ದೆಲ್ಲಿ? ಮಾತ್ರೆಯಿಂದಾಗಿ ಜನ ಈಗ ಅರವತ್ತು, ಎಪ್ಪತ್ತು ದಾಟುತ್ತಿದ್ದಾರೆ. ವಯಸ್ಸಿನ ಜೊತೆ ಬರುವ ಕ್ಯಾನ್ಸರ್‌ಗಳು ಅವರಿಗೂ ಬರುತ್ತವೆ. ಬೀಡಿ, ಸಿಗರೇಟು ಸೇರಿದರೆ ಶ್ವಾಸಕೋಶಕ್ಕೆ, ಹೆಪಟೈಟಿಸ್ ಬಿ ಅಥವಾ ಸಿ ಇದ್ದರೆ ಯಕೃತ್ತಿಗೆ ಅಪಾಯ ಹೆಚ್ಚು. ಅಂದಹಾಗೆ, ಈಗ ಹೆಚ್ಚಿನವರಿಗೆ ಕೊಡುವ, ಮೂರು ಔಷಧಿ ಸೇರಿದ ಟಿಎಲ್‌ಡಿ ಎಂಬ ಎಆರ್‌ಟಿ ಮಾತ್ರೆಯಲ್ಲಿರುವ ಟೆನೊಫೊವಿರ್ ಹೆಪಟೈಟಿಸ್ ಬಿಯನ್ನೂ ಅದುಮಿಡುತ್ತದೆ.

ಅಕ್ಕನ ವಿಷಯದಲ್ಲಿ ನನಗೆ ನಿಜವಾಗಿ ಚಿಂತೆ ಇರುವುದು ಗರ್ಭಕಂಠದ ಬಗ್ಗೆ. ಎಚ್‌ಐವಿ ಇರುವ ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರ್‌ನ ಅಪಾಯ ಸುಮಾರು 6 ಪಟ್ಟು. ಎಆರ್‌ಟಿ ಇದನ್ನು ತಗ್ಗಿಸುತ್ತದೆ, ಆದರೆ ಪೂರ್ತಿ ಅಳಿಸುವುದಿಲ್ಲ. ವೈರಲ್ ಲೋಡ್ (ರಕ್ತದಲ್ಲಿನ ಎಚ್‌ಐವಿ ಪ್ರಮಾಣ) ಹತೋಟಿಯಲ್ಲಿದೆ ಎಂದು ಸುಮ್ಮನಿರುವವರೇ ನಮ್ಮಲ್ಲಿ ಹೆಚ್ಚು. ತಪಾಸಣೆ ಮಾತ್ರ ತೀರಾ ಸರಳ: ಹತ್ತಿಯಲ್ಲಿ ಅಸಿಟಿಕ್ ಆಮ್ಲದ ತಿಳಿ ದ್ರಾವಣವನ್ನು ಗರ್ಭಕಂಠಕ್ಕೆ ಸವರುತ್ತಾರೆ, ಒಂದು ನಿಮಿಷ ಕಾಯುತ್ತಾರೆ, ಕೆಟ್ಟ ಜಾಗವಿದ್ದರೆ ಬೆಳ್ಳಗೆ ಎದ್ದು ಕಾಣುತ್ತದೆ. ಕ್ಯಾನ್ಸರ್ ಆಗುವ ಮೊದಲೇ ಅದನ್ನು ಸುಟ್ಟು ತೆಗೆಯಬಹುದು. ಎಚ್‌ಐವಿ ಇರುವವರು 25ನೇ ವಯಸ್ಸಿನಿಂದಲೇ ಶುರುಮಾಡಬೇಕು. ಈ ಪರೀಕ್ಷೆಯಾದರೆ 3 ವರ್ಷಕ್ಕೊಮ್ಮೆ, ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್‌ನ ಪರೀಕ್ಷೆಯಾದರೆ 3ರಿಂದ 5 ವರ್ಷಕ್ಕೊಮ್ಮೆ.

ಅಕ್ಕ ಮುಂದಿನ ಸಲ ಮಾತ್ರೆ ತರಲು ಹೋದಾಗ ನೀವೂ ಜೊತೆಗೆ ಹೋಗಿ, ಈ ತಪಾಸಣೆಗೆ ಎಲ್ಲಿಗೆ ಕಳಿಸುತ್ತಾರೆಂದು ಅಲ್ಲಿನ ವೈದ್ಯರನ್ನು ಕೇಳಿ. ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ಅಥವಾ ಎರಡು ಮುಟ್ಟಿನ ನಡುವೆ ರಕ್ತ ಕಾಣಿಸಿದ್ದರೆ ಅಷ್ಟು ದಿನವೂ ಕಾಯಬೇಡಿ, ನಾಳೆಯೇ ಕರೆದೊಯ್ಯಿರಿ.