ಕೇಳ್ರಿ, ಹೇಳ್ತೀವಿ: ಎಲ್ಲಿ ಕುಣೀತೀರೋ ಅಲ್ಲೇ ಮಲಗ್ರಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬೆಂಗಳೂರಿಗೆ ಹೋಗಿ ಒಂದು ರಾತ್ರಿ ಇದ್ದು ಬರೋ ವಿಷ್ಯಾನೇ. ಮಕ್ಕಳ ಪರೀಕ್ಷೆ ಮುಗೀತು ಅಂತ ಕಾಣ್ತದೆ. ಎಲ್ಲಾ ಒಟ್ಟಿಗೆ ಹಾಕಿದೀನಿ, ನಿಮ್ಮ ಪ್ರಶ್ನೆ ಇಲ್ದಿದ್ರೆ ಬೇರೆಯವರ ಉತ್ತರದಲ್ಲಿ ಹುಡುಕ್ಕೊಳ್ರಿ.

ಪ್ರಶ್ನೆ: ನಾವು ಐದು ಜನ ಗೆಳತಿಯರು, ಒಂದೇ ಕಾಲೇಜಲ್ಲಿ ಓದಿದವ್ರು, ಈ ವರ್ಷ ಎಲ್ರಿಗೂ 40 ತುಂಬ್ತದೆ. ಗಂಡ ಮಕ್ಕಳು ಯಾರೂ ಇಲ್ದೆ ಶನಿವಾರ ಬೆಂಗಳೂರಿಗೆ ಹೋಗಿ ಶಾಪಿಂಗ್ ಮಾಡಿ, ರಾತ್ರಿ ಒಂದ್ಸಲ ಡ್ಯಾನ್ಸ್ ಫ್ಲೋರ್ ಮೇಲೆ ಕುಣಿದು ಭಾನುವಾರ ವಾಪಸ್ ಬರೋ ಆಸೆ. ಲಿಸ್ಟ್‌ನಲ್ಲಿ ಚಿಕ್ಕಪೇಟೆ, ಕಮರ್ಷಿಯಲ್ ಸ್ಟ್ರೀಟ್, ಜಯನಗರ 4ನೇ ಬ್ಲಾಕ್, ಮಲ್ಲೇಶ್ವರ 8ನೇ ಕ್ರಾಸ್, ಒಂದು ಮಾಲ್ ಅವೆ. ರೂಮು ಯಲಹಂಕ ಕಡೆ ಚೀಪಾಗಿ ಸಿಗ್ತಾ ಐತೆ. ಪ್ಲಾನ್ ಸರಿ ಐತಾ?
— ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಉತ್ತರ: ಆಸೆ ಸರಿ ಐತೆ, ಪ್ಲಾನ್ ಸರಿ ಇಲ್ಲ. ಮೊದ್ಲು ಊರಾಚೆ ಇರೋ ಆ ಯಲಹಂಕದ ರೂಮ್ ಕ್ಯಾನ್ಸಲ್ ಮಾಡ್ರಿ, ಆಮೇಲೆ ಮುಂದಿಂದು ಓದ್ರಿ.

ಯಾಕಂದ್ರೆ ಈ ತಪ್ಪು ನಾನೇ ಮಾಡಿದೀನಿ. ಕೆಲವು ವರ್ಷದ ಹಿಂದೆ ನಾವು ನಾಲ್ಕು ಜನ ಹಿಂಗೇ ಹೋಗಿ, ನೂರಿನ್ನೂರು ಉಳೀತದೆ ಅಂತ ಊರಾಚೆ ಒಂದು ಲಾಡ್ಜ್ ಮಾಡಿ, ಕುಣಿದಿದ್ದು ಮಾತ್ರ ಇಂದಿರಾನಗರದಲ್ಲಿ. ರಾತ್ರಿ 1 ಗಂಟೆಗೆ ಮ್ಯೂಸಿಕ್ ಬಂದ್ ಆಯ್ತು, ಮೆಟ್ರೋ ಅಷ್ಟರೊಳಗೆ ನಿಂತಿತ್ತು, ಆಪ್‌ನಲ್ಲಿ ಕಾರ್ ಬುಕ್ ಆಗ್ತಿತ್ತು, ಕ್ಯಾನ್ಸಲ್ ಆಗ್ತಿತ್ತು, ನಾವು ಚಪ್ಲಿ ಕೈಯಲ್ಲಿ ಹಿಡ್ಕೊಂಡು ಫುಟ್‌ಪಾತ್ ಮೇಲೆ ಮುಕ್ಕಾಲು ಗಂಟೆ ನಿಂತ್ವಿ, ಕೊನೆಗೆ ಒಬ್ಬ ಆಟೋದವ್ನು ಕೇಳಿದ ದುಡ್ಡು ಕೊಟ್ವಿ, ಉಳಿಸಿದ್ದಕ್ಕಿಂತ ಜಾಸ್ತೀನೇ ಹೋಯ್ತು. ಕುಣಿದ ಖುಷಿ ಎಲ್ಲಾ ಆ ಮುಕ್ಕಾಲು ಗಂಟೇಲಿ ಇಳಿದುಹೋಯ್ತು ನೋಡ್ರಿ. ಅವತ್ತಿಂದ ನಂದು ಒಂದೇ ರೂಲ್, ಎಲ್ಲಿ ಕುಣೀತೀವೋ ಅಲ್ಲಿಂದ ನಡ್ಕೊಂಡು ಹೋಗೋ ದೂರದಲ್ಲೇ ಮಲಗ್ಬೇಕು. ಚರ್ಚ್ ಸ್ಟ್ರೀಟ್, ಬ್ರಿಗೇಡ್ ರೋಡ್ ಕಡೆ ಕುಣಿಯೋದಾದ್ರೆ ರೂಮು ಎಂಜಿ ರೋಡ್ ಸುತ್ತಮುತ್ತ ಮಾಡ್ರಿ. ಬಾಡಿಗೆ ಜಾಸ್ತಿ, ಒಪ್ಕೊಂತೀನಿ. ಐದು ಜನಕ್ಕೆ ಎರಡು ರೂಮು, ಒಂದರಲ್ಲಿ ಎಕ್ಸ್‌ಟ್ರಾ ಬೆಡ್ ಹಾಕ್ಸಿದ್ರೆ ತಲೆಗೆ ಬೀಳೋದು ಅಷ್ಟೇನಿಲ್ಲ, ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ರ ಒಳಗಿನ ರೂಮಿಗೆ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದೈತೆ. ಐದೂ ಜನರ ಒರಿಜಿನಲ್ ಐಡಿ ಇರ್ಲಿ, ಒಬ್ಬಳದ್ದು ತೋರ್ಸಿದ್ರೆ ಸಾಕು ಅನ್ಕೋಬೇಡ್ರಿ.

ಇನ್ನು ಹೋಗೋದು. ಬೆಳಗಾವಿ–ಬೆಂಗಳೂರು ವಂದೇ ಭಾರತ್ 2025ರ ಆಗಸ್ಟ್‌ನಲ್ಲಿ ಶುರುವಾಯ್ತಲ್ಲ, ಅದು ನಿಮ್ಗೆ ಅಂತಾನೇ ಬಿಟ್ಟಂಗೈತೆ. ಬೆಳಗ್ಗೆ ಒಂಬತ್ತೂವರೆ ಆಸುಪಾಸು ದಾವಣಗೆರೆ ಸ್ಟೇಷನ್ನಿಗೆ ಬರ್ತದೆ, ಮಧ್ಯಾಹ್ನ 2ರೊಳಗೆ ಮೆಜೆಸ್ಟಿಕ್. ಮಾರನೇ ದಿನ ಬೆಂಗಳೂರು ಬಿಡೋದು ಮಧ್ಯಾಹ್ನ 2:20ಕ್ಕೆ, ಸಂಜೆ ಆರರೊಳಗೆ ನೀವು ಮನೇಲಿ ಕುಕ್ಕರ್ ಇಟ್ಟಿರ್ತೀರ. ಬುಧವಾರ ಇದು ಓಡಲ್ಲ, ನಿಮ್ದು ಶನಿವಾರ ಆದ್ರಿಂದ ತೊಂದ್ರೆ ಇಲ್ಲ. ಟೈಮಿಂಗ್ ಆಗಾಗ ಅದಲುಬದಲು ಆಗ್ತಿರ್ತದೆ, ಬುಕ್ ಮಾಡುವಾಗ ಒಂದ್ಸಲ ನೋಡ್ಕೊಳ್ರಿ.

ಈಗ ಲೆಕ್ಕ ಹಾಕ್ರಿ. ಶನಿವಾರ 2ರಿಂದ, ಭಾನುವಾರ 2:20ರ ತನಕ. ಅದರಲ್ಲಿ ನಿದ್ದೆ, ಊಟ, ಸೀರೆ ಇಸ್ತ್ರಿ, ಐದು ಜನ ಕನ್ನಡಿ ಮುಂದೆ ನಿಲ್ಲೋ ಟೈಮು ಎಲ್ಲಾ ತೆಗೀರಿ. ಐದು ಕಡೆ ಶಾಪಿಂಗ್ ಎಲ್ಲಿಂದ ಆಗ್ಬೇಕು? ಒಂದೇ ಒಂದು ಏರಿಯಾ ಇಟ್ಕೊಳ್ರಿ. ಸೀರೆ ಬೇಕಾ, ಚಿಕ್ಕಪೇಟೆ, ಅದೂ ಶನಿವಾರಾನೇ ಮುಗಿಸ್ರಿ, ಭಾನುವಾರ ಅಲ್ಲಿ ಬಹಳ ಅಂಗಡಿ ಬಾಗಿಲು ಹಾಕಿರ್ತಾವೆ. ರೆಡಿಮೇಡ್ ಟಾಪು, ಓಲೆ, ಬ್ಯಾಗು, ಚಪ್ಲಿ ಬೇಕಾ, ಕಮರ್ಷಿಯಲ್ ಸ್ಟ್ರೀಟ್. ಮಾಲ್ ಬಿಟ್ಟಾಕ್ರಿ, ಅಲ್ಲಿರೋ ಬ್ರ್ಯಾಂಡ್ ಎಲ್ಲಾ ಮೊಬೈಲಲ್ಲೇ ಸಿಗ್ತಾವೆ.

ನಾನಾದ್ರೆ ಚಿಕ್ಕಪೇಟೆ ಅಂತೀನಿ. ರೈಲಿಳಿದ ತಕ್ಷಣ ಬ್ಯಾಗ್ ಸ್ಟೇಷನ್ನಿನ ಕ್ಲೋಕ್ ರೂಮಲ್ಲಿ ಇಡ್ರಿ (ಬೀಗ ಹಾಕಿರ್ಬೇಕು, ಇಲ್ದಿದ್ರೆ ತಗೊಳ್ಳಲ್ಲ, ರೈಲ್ ಟಿಕೆಟ್ಟೂ ಕೇಳ್ತಾರೆ), ಏನಾದ್ರೂ ತಿಂದು ಮೆಜೆಸ್ಟಿಕ್‌ನಿಂದ ಹಸಿರು ಲೈನ್ ಹತ್ತಿದ್ರೆ ಮುಂದಿನ ಸ್ಟಾಪೇ ಚಿಕ್ಕಪೇಟೆ. ಸಂಜೆ ಆರೂವರೆಗೆ ವಾಪಸ್ ಬಂದು ಬ್ಯಾಗ್ ತಗೊಂಡು ನೇರಳೆ ಲೈನಲ್ಲಿ ನಾಲ್ಕನೇ ಸ್ಟಾಪು ಎಂಜಿ ರೋಡ್. ಆಟೋನೇ ಬೇಕಿಲ್ಲ.

ಚಿಕ್ಕಪೇಟೆಯಲ್ಲಿ ಒಂದು ಮಾತು. ರೋಡಲ್ಲಿ ನಿಂತು "ಬನ್ನಿ ಮೇಡಂ, ಹೋಲ್‌ಸೇಲ್ ರೇಟು" ಅಂತ ಕೈ ಹಿಡಿದು ಎಳ್ಕೊಂಡು ಹೋಗೋರ ಹಿಂದೆ ಮಹಡಿ ಹತ್ತಬೇಡ್ರಿ, ಅವ್ರ ಕಮಿಷನ್ ನಿಮ್ಮ ಸೀರೆಯಲ್ಲೇ ಸೇರಿರ್ತದೆ. ರೇಷ್ಮೆ ತಗೊಳ್ಳೋದಾದ್ರೆ ಅಸಲಿ ಅಂತ ಹೇಳೋ ಸಿಲ್ಕ್ ಮಾರ್ಕ್ ಲೇಬಲ್ ನೋಡ್ರಿ. ಅನುಮಾನ ಇದ್ರೆ ಅಂಚಿಂದ ಒಂದು ಎಳೆ ಕೇಳಿ ತಗೊಂಡು ಹೊರಗಡೆ ಬಂದು ಸುಟ್ಟು ನೋಡ್ರಿ, ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಉಜ್ಜಿದ್ರೆ ಪುಡಿ ಆಗ್ತದೆ, ಪಾಲಿಸ್ಟರ್ ಆದ್ರೆ ಕರಗಿ ಗಟ್ಟಿ ಮಣಿ ಆಗ್ತದೆ. ಎಳೆ ಕೊಡಲ್ಲ ಅಂದ್ರೆ ಅಲ್ಲೇ ಉತ್ತರ ಸಿಕ್ತು ಅಲ್ವಾ. ಮೈಸೂರ್ ಸಿಲ್ಕ್ ಮಾತ್ರ ಪೇಟೆಯಲ್ಲಿ ಹುಡುಕ್ಬೇಡ್ರಿ, ಸರ್ಕಾರದ ಕೆಎಸ್‌ಐಸಿ ಮಳಿಗೆಗೇ ಹೋಗ್ರಿ, ಚೌಕಾಸಿ ನಡೆಯಲ್ಲ ಆದ್ರೆ ಮೋಸಾನೂ ಇಲ್ಲ. ಮತ್ತೆ ನೈಟಿ, ಲಂಗ, ಟವೆಲ್ಲು ಅಲ್ಲಿಂದ ಹೊತ್ಕೊಂಡು ಬಂದ್ರೆ ನಮ್ಮ ದಾವಣಗೆರೆ ಚೌಕಿಪೇಟೆ ಬಟ್ಟೆ ಅಂಗಡಿಯವ್ರು ನಗ್ತಾರೆ, ಒಂದು ಕಾಲಕ್ಕೆ ಬಟ್ಟೆ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ ಊರಿನವ್ರು ನಾವು.

ಕುಣಿಯೋ ವಿಷ್ಯ. ಹೋಗೋ ಮುಂಚೆ ಫೋನ್ ಮಾಡಿ ಮೂರು ಕೇಳ್ರಿ. ಕವರ್ ಚಾರ್ಜ್ (ಒಳಗೆ ಬಿಡೋಕೆ ತಗೊಳ್ಳೋ ದುಡ್ಡು) ಎಷ್ಟು, ಅದನ್ನ ಊಟ-ಕುಡಿಯೋದರ ಬಿಲ್ಲಲ್ಲಿ ಕಳೀತಾರಾ, ಅವತ್ತು ಯಾವ ಮ್ಯೂಸಿಕ್ಕು. ಮೂರನೇದು ಬಹಳ ಮುಖ್ಯ, ಟೆಕ್ನೋ ನೈಟ್‌ಗೆ ಹೋದ್ರೆ ಗಂಟೆಗಟ್ಲೆ ಢಂಢಂ ಅಂತ ಒಂದೇ ಬಡಿತ, ಬಾಲಿವುಡ್ ನೈಟ್ ಅಥ್ವಾ ಕನ್ನಡ ಹಾಡು ಹಾಕೋ ಜಾಗ ಆದ್ರೆ ನೀವು ಕಾಲೇಜ್ ಗ್ಯಾದರಿಂಗ್‌ನಲ್ಲಿ ಕುಣಿದಂಗೆ ಕುಣೀಬಹುದು. ಒಂಬತ್ತಕ್ಕೆ ಹೋಗಿ ಖಾಲಿ ಫ್ಲೋರ್ ನೋಡಿ ಬೇಜಾರ್ ಮಾಡ್ಕೋಬೇಡ್ರಿ, ಹತ್ತೂವರೆ ಆಗ್ಲೇಬೇಕು. ಅಲ್ಲೀ ತನಕ ಹೊರಗಡೆ ಹೊಟ್ಟೆ ತುಂಬ ಊಟ ಮಾಡ್ಕೊಳ್ರಿ, ಒಳಗೆ ಫ್ರೈಸು ಬಿಟ್ರೆ ಹೊಟ್ಟೆಗೆ ಆಗೋವಂಥದ್ದು ಕಮ್ಮಿ. ಹೈ ಹೀಲ್ಸ್ ಬೇಡ. ನಿಮ್ಮ ಗ್ಲಾಸು ಕೋಕ್ ಆಗ್ಲಿ ಇನ್ನೊಂದಾಗ್ಲಿ ಟೇಬಲ್ ಮೇಲೆ ಬಿಟ್ಟು ಕುಣಿಯೋಕೆ ಹೋಗಿದ್ರೆ ವಾಪಸ್ ಬಂದು ಕುಡೀಬೇಡ್ರಿ, ಹೊಸದು ತರ್ಸಿ. ಯಾರಾದ್ರೂ ತಂಟೆ ಮಾಡಿದ್ರೆ ಬೌನ್ಸರ್‌ಗೆ ಹೇಳ್ರಿ, ಅವ್ರು ನಿಂತಿರೋದೇ ಅದಕ್ಕೆ, ಹೊರಗಡೆ ಆದ್ರೆ 112.

ಪ್ರಶ್ನೆ: ನಾನು ಕುಡಿಯಲ್ಲ, ಪಬ್ ಅಂದ್ರೆ ಮುಜುಗರ. ಆದ್ರೆ ಕುಣಿಯೋದು ಅಂದ್ರೆ ಪ್ರಾಣ. ಫ್ರೆಂಡ್ಸ್ ಜೊತೆ ಹೋಗ್ಲಾ ಬೇಡ್ವಾ?
— ವಿದ್ಯಾನಗರ, ದಾವಣಗೆರೆ

ಉತ್ತರ: ಹೋಗ್ರಿ. ಲೈಮ್ ಸೋಡಾ ಹಿಡ್ಕೊಂಡು ನಿಂತ್ರೆ ಯಾರೂ ಕೇಳಲ್ಲ, ಆ ಕತ್ತಲೇಲಿ ಯಾರ ಗ್ಲಾಸಲ್ಲಿ ಏನೈತೆ ಅಂತ ಯಾರಿಗೂ ಕಾಣಲ್ಲ. ಇನ್ನೊಂದು ದಾರೀನೂ ಐತೆ, ಬೆಂಗಳೂರಲ್ಲಿ ಸಾಲ್ಸಾ, ಬಚಾಟಾ ಸೋಷಿಯಲ್ ಅಂತ ಜೋಡಿ ಡ್ಯಾನ್ಸ್ ಕೂಟ ಮಾಡ್ತಾರೆ, ಶುರುವಲ್ಲಿ ಹೊಸಬರಿಗೆ ಸ್ಟೆಪ್ ಹೇಳ್ಕೊಟ್ಟು ಆಮೇಲೆ ಫ್ಲೋರ್ ಬಿಡ್ತಾರೆ. ಅಲ್ಲಿ ಬರೋರು ಕುಣಿಯೋಕೇ ಬರೋರು, ಕುಡಿಯೋದು ಲೆಕ್ಕಕ್ಕಿಲ್ಲ. ನಿಮ್ಮಂಥವ್ರಿಗೆ ಪಬ್‌ಗಿಂತ ಅದೇ ಹಿಡಿಸ್ತದೆ ಅನ್ನಿಸ್ತದೆ ನಂಗೆ.

ಪ್ರಶ್ನೆ: ನಾವು ನಾಲ್ಕು ಜನ ಹುಡುಗ್ರು, ಕಾರಲ್ಲಿ ಹೋಗಿ ರಾತ್ರಿನೇ ವಾಪಸ್ ಬಂದ್ರೆ ರೂಮ್ ಖರ್ಚು ಉಳೀತದೆ ಅಲ್ವಾ? ಮತ್ತೆ ಹುಡುಗ್ರನ್ನ ಮಾತ್ರ ಒಳಗೆ ಬಿಡಲ್ಲ ಅಂತಾರೆ, ನಿಜಾನಾ?
— ಚಿತ್ರದುರ್ಗ

ಉತ್ತರ: ಮೊದಲನೇದಕ್ಕೆ, ಬೇಡ. ರಾತ್ರಿ 1 ಗಂಟೆಗೆ ಕುಣಿದು ಸುಸ್ತಾಗಿ ದುರ್ಗಕ್ಕೆ 200 ಕಿಲೋಮೀಟರ್ ಹೈವೇ ಓಡ್ಸೋದು, ಶಿರಾ ದಾಟೋ ಹೊತ್ತಿಗೆ ಕಣ್ಣು ಮುಚ್ಚೋದು, ಮುಂದೆ ಕಬ್ಬಿಣ ತುಂಬಿದ ಲಾರಿ. ಕುಡಿಯದೇ ಇದ್ರೂ ಬೇಡ. ಕುಡಿದಿದ್ರಂತೂ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ ಕೇಸು, ಮೊದಲ ಸಲಕ್ಕೇ 10,000 ದಂಡ ಅಥ್ವಾ ಆರು ತಿಂಗಳ ತನಕ ಜೈಲು ಅಥ್ವಾ ಎರಡೂ. ಬಸ್ಸಲ್ಲೇ ಹೋಗಿ ಬಸ್ಸಲ್ಲೇ ಬನ್ನಿ, ನಿಮ್ಮೂರಿಗೆ ತುಮಕೂರಿಂದ ನೇರ ರೈಲು ಬರೋ ತನಕ ಬಸ್ಸೇ ಅನುಕೂಲ.

ಎರಡನೇದು ನಿಜ. ಶನಿವಾರ ರಾತ್ರಿ ಬಹಳ ಕಡೆ 'ಸ್ಟ್ಯಾಗ್' (ಜೊತೇಲಿ ಹೆಣ್ಮಕ್ಕಳಿಲ್ದ ಗಂಡಸ್ರು) ಅಂತ ಬಾಗಿಲಲ್ಲೇ ನಿಲ್ಲಿಸ್ತಾರೆ, ಇಲ್ಲಾ ಕವರ್ ಜಾಸ್ತಿ ಹೇಳ್ತಾರೆ. ಅನ್ಯಾಯ ಅನ್ನಿಸ್ಬಹುದು, ಬಾಗಿಲಲ್ಲಿ ಜಗಳ ಆಡಿ ಗೆದ್ದವ್ರನ್ನ ನಾನಂತೂ ನೋಡಿಲ್ಲ. ಎಂಟರೊಳಗೆ ಊಟದ ಟೇಬಲ್ ರಿಸರ್ವ್ ಮಾಡಿ ಹೋಗಿ ಕೂತ್ರೆ ಆಮೇಲೆ ಎಬ್ಬಿಸಲ್ಲ. ಶಾರ್ಟ್ಸು, ಹವಾಯಿ ಚಪ್ಲಿ ಬೇಡ. 21 ಆಗಿರ್ಬೇಕು, ಐಡಿ ಕೇಳ್ತಾರೆ.

ಪ್ರಶ್ನೆ: ಶಕ್ತಿ ಯೋಜನೇಲಿ ಬೆಂಗಳೂರ್ ತನಕ ಫ್ರೀ ಹೋಗ್ಬಹುದಾ?
— ಹಿರಿಯೂರು

ಉತ್ತರ: ಹೋಗ್ಬಹುದು, 2023ರ ಜೂನ್ 11ರಿಂದ್ಲೂ ಐತಲ್ಲ. ಸಾದಾ, ಎಕ್ಸ್‌ಪ್ರೆಸ್ ಬಸ್ ಮಾತ್ರ. ರಾಜಹಂಸ, ಐರಾವತ, ಸ್ಲೀಪರ್ ಹತ್ತಿದ್ರೆ ಟಿಕೆಟ್ ತಗೋಬೇಕು. ಆಧಾರ್ ಮರೀಬೇಡ್ರಿ. ಉಳಿದ ದುಡ್ಡಲ್ಲಿ ಒಂದು ಜೊತೆ ಓಲೆ ಬರ್ತಾವೆ.

ಪ್ರಶ್ನೆ: ಆರು ಜನರಲ್ಲಿ ಒಬ್ಬಳಿಗೆ ಕೈಯಲ್ಲಿ ದುಡ್ಡು ಕಮ್ಮಿ. ಅವ್ಳು "ನಂಗೆ ಬರೋಕಾಗಲ್ಲ" ಅಂತ ಏನೇನೋ ನೆಪ ಹೇಳ್ತಿದಾಳೆ. ನಾವು ಹಾಕ್ತೀವಿ ಅಂದ್ರೆ ಬೇಜಾರ್ ಮಾಡ್ಕೋತಾಳೆ.
— ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ನೀವು ಹಾಕ್ತೀವಿ ಅನ್ನಬೇಡ್ರಿ, ಯಾರಿಗಾದ್ರೂ ಬೇಜಾರಾಗೋದೇ. ಟ್ರಿಪ್ ಆರು ತಿಂಗಳು ಮುಂದಕ್ಕೆ ಹಾಕಿ ಒಂದು ಸಣ್ಣ ಚೀಟಿ ಶುರು ಮಾಡ್ರಿ, ತಿಂಗಳಿಗೆ ತಲಾ 500. ಆರು ತಿಂಗಳಿಗೆ ತಲಾ 3,000, ಆರು ಜನದ್ದು ಸೇರಿ 18,000. ಅದರಲ್ಲೇ ರೂಮು, ಮೆಟ್ರೋ, ಊಟ, ಕವರ್ ಎಲ್ಲಾ ಮುಗಿಸ್ಬೇಕು ಅಂತ ಮೊದ್ಲೇ ಮಾತಾಡ್ಕೊಳ್ರಿ. ಶಾಪಿಂಗ್ ಮಾತ್ರ ಅವರವರ ಪರ್ಸು. ಚೀಟಿ ದುಡ್ಡು ಅವಳ ಕೈಲೇ ಕೊಡ್ರಿ, ಲೆಕ್ಕ ಅವಳೇ ಬರೀಲಿ. ಬಿಲ್ ಬಂದಾಗ ಸರ್ವಿಸ್ ಚಾರ್ಜ್ ಅಂತ ಸೇರ್ಸಿದ್ರೆ ತೆಗೀರಿ ಅಂತ ಕೇಳ್ರಿ, ಅದು ಕಡ್ಡಾಯ ಅಲ್ಲ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲೇ ಹೇಳೈತೆ. ಆಟೋಗೆ ಮೀಟರ್ ರೇಟ್ ಮೊದಲ 2 ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18, ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಒಂದೂವರೆ ಪಟ್ಟು. ಐದು ಕಿಲೋಮೀಟರಿಗೆ ಹಗಲು 90, ರಾತ್ರಿ 135. ಇದನ್ನ ಬಾಯಿಪಾಠ ಮಾಡ್ಕೊಂಡ್ರೆ ಚೌಕಾಸಿಗೆ ಧೈರ್ಯ ಬರ್ತದೆ.

ಪ್ರಶ್ನೆ: ನಾನು ದಾವಣಗೆರೆ ಹುಡುಗಿ, ಕೆಲಸ ಬೆಂಗಳೂರಲ್ಲಿ. ಆಫೀಸ್ ಫ್ರೆಂಡ್ಸ್ ಒಂದು ರಾತ್ರಿ ನಮ್ಮೂರಿಗೆ ಬರ್ತಾರಂತೆ. ಶಾಪಿಂಗ್, ಡ್ಯಾನ್ಸ್ ಎರಡೂ ಬೇಕಂತೆ. ಎಲ್ಲಿ ಕರ್ಕೊಂಡು ಹೋಗ್ಲಿ?

ಉತ್ತರ: ಬೆಳಗ್ಗೆ ಬೆಂಗಳೂರಿಂದ ಧಾರವಾಡಕ್ಕೆ ಹೋಗೋ ವಂದೇ ಭಾರತ್ ಹತ್ತಿಸ್ಕೊಂಡು ಬನ್ನಿ, ಬಿಸಿ ಬೆಣ್ಣೆ ದೋಸೆ ಹೊತ್ತಿಗೆ ಸರಿಯಾಗಿ ಇಳೀತೀರ. ಶಾಪಿಂಗ್‌ಗೆ ಚೌಕಿಪೇಟೆ, ಸಂಜೆ ಗಾಜಿನ ಮನೆ ನೋಡ್ಕೊಂಡು ಮಂಡಕ್ಕಿ-ಮಿರ್ಚಿ. ಡ್ಯಾನ್ಸ್‌ಗೆ ಮಾತ್ರ ನಮ್ಮೂರಲ್ಲಿ ಯಾರದ್ದಾದ್ರೂ ಮದುವೆ ಇರ್ಬೇಕು. ನೆಂಟರಲ್ಲಿ ಕೇಳಿ ನೋಡ್ರಿ, ಯಾವ್ದಾದ್ರೂ ರಿಸೆಪ್ಷನ್ ಇದ್ದೇ ಇರ್ತದೆ. ಊಟಾನೂ ಅಲ್ಲೇ ಆಗ್ತದೆ.