ಎರಡನೇ ಅಂಗಡಿ ಎಲ್ಲಿ ತೆರೆಯಲಿ? ಮೊದಲು ನಿಮ್ಮ ಬಿಲ್ಲುಗಳನ್ನೇ ನೋಡಿ

ಪ್ರಶ್ನೆ: ಮಂಡ್ಯದಲ್ಲಿ ನಮ್ಮದು ಗಾಣದ ಎಣ್ಣೆ, ಬೆಲ್ಲ, ಸಿರಿಧಾನ್ಯದ ಅಂಗಡಿ. ವ್ಯಾಪಾರ ಚೆನ್ನಾಗಿದೆ. ಮೈಸೂರಿನಲ್ಲಿ ಇನ್ನೊಂದು ತೆರೆಯುವ ಆಸೆ. ದೇವರಾಜ ಅರಸು ರಸ್ತೆಯಲ್ಲಿ ಒಂದು ಮಳಿಗೆ, ವಿಜಯನಗರ ಎರಡನೇ ಹಂತದಲ್ಲಿ ಒಂದು ಮಳಿಗೆ ನೋಡಿದ್ದೇವೆ. ಅರಸು ರಸ್ತೆಯದಕ್ಕೆ ಬಾಡಿಗೆ ಮೂರು ಪಟ್ಟು. ‘ಡೇಟಾ ಅನಾಲಿಟಿಕ್ಸ್ ಮಾಡಿ ಸರಿಯಾದ ಜಾಗ ಹೇಳುತ್ತೇವೆ’ ಎಂದು ಒಬ್ಬರು ದೊಡ್ಡ ಫೀಸು ಕೇಳುತ್ತಿದ್ದಾರೆ. ಕೊಡಬೇಕಾ?
– ಓದುಗರು, ಮಂಡ್ಯ

ಉತ್ತರ: ಸದ್ಯಕ್ಕೆ ಕೊಡಬೇಡಿ. ಅವರು ಬಂದರೂ ಮೊದಲು ಕೇಳುವುದು ನಿಮ್ಮ ಹಳೇ ಬಿಲ್ಲುಗಳನ್ನೇ. ಅವು ನಿಮ್ಮ ಹತ್ತಿರವೇ ಇವೆಯಲ್ವಾ?

ಒಂದು ತಿಂಗಳು ಬಿಲ್ ಹಾಕುವಾಗ ಪ್ರತಿ ಗಿರಾಕಿಯನ್ನೂ ‘ಯಾವ ಏರಿಯಾದಿಂದ ಬಂದ್ರಿ?’ ಅಂತ ಕೇಳಿ ಬರೆದುಕೊಳ್ಳಿ. ಬರೀ ಪಿನ್‌ಕೋಡ್ ಸಾಲದು, ಒಂದೇ ಪಿನ್‌ಕೋಡಿನಲ್ಲಿ ಹತ್ತಾರು ಬಡಾವಣೆ ಇರುತ್ತವೆ. ಗಂಟೆ, ಮೊತ್ತ, ಏನು ತೆಗೆದುಕೊಂಡರು, ಇಷ್ಟನ್ನು ಎಕ್ಸೆಲ್ ಶೀಟಿಗೆ ಹಾಕಿ. ಗೂಗಲ್ ಮೈ ಮ್ಯಾಪ್ಸ್‌ಗೆ ಆ ಶೀಟು ಏರಿಸಿದರೆ ಗಿರಾಕಿಗಳು ಎಲ್ಲೆಲ್ಲಿಂದ ಬರುತ್ತಾರೆ ಅನ್ನುವುದು ನಕ್ಷೆಯ ಮೇಲೆ ಚುಕ್ಕಿಗಳಾಗಿ ಕಾಣುತ್ತದೆ. ನೂರರಲ್ಲಿ 60–70 ಜನ ಎಷ್ಟು ದೂರದ ಒಳಗಿನವರು ಅಂತ ನೋಡಿ. ಅಷ್ಟೇ ನಿಮ್ಮ ಅಂಗಡಿಯ ನಿಜವಾದ ವ್ಯಾಪ್ತಿ. ಇಲ್ಲಿ ಎರಡು ಕಿಲೋಮೀಟರ್ ಒಳಗಿನವರೇ ಜಾಸ್ತಿ ಇದ್ದರೆ, ಮೈಸೂರಿನವರು ಮಾತ್ರ ಎಣ್ಣೆಗೆ ಊರು ದಾಟಿ ಬರುತ್ತಾರೆ ಅಂತ ನಂಬುವುದಕ್ಕೆ ಕಾರಣವಿಲ್ಲ.

ಗಿರಾಕಿ ಯಾವ ಅಂಗಡಿಗೆ ಹೋಗಬಹುದು ಅಂತ ಅಂದಾಜಿಸಲು ಒಂದು ಲೆಕ್ಕವೂ ಇದೆ. ಅಮೆರಿಕದ ಪ್ರೊಫೆಸರ್ ಡೇವಿಡ್ ಹಫ್ 1960ರ ದಶಕದಲ್ಲಿ ಕೊಟ್ಟಿದ್ದು, ಇವತ್ತಿನ ದುಬಾರಿ ಸಾಫ್ಟ್‌ವೇರ್‌ಗಳ ಒಳಗೂ ಇದು ಇದೆ. ಅಂಗಡಿಯ ಅಳತೆಯನ್ನು ದೂರದಿಂದ ಭಾಗಿಸುವುದು, ಆದರೆ ಮೊದಲು ದೂರಕ್ಕೆ ಘಾತ ಹಾಕಬೇಕು, ಅಂದರೆ ದೂರವನ್ನು ಅದರಿಂದಲೇ ಗುಣಿಸಬೇಕು (ಘಾತ ಎರಡಾದರೆ 2 ಕಿಲೋಮೀಟರ್‌ಗೆ 2×2 = 4). ಒಂದು ಮನೆಯಿಂದ ಒಂದು ಕಿಲೋಮೀಟರ್‌ನಲ್ಲಿ ನಿಮ್ಮ 400 ಚದರಡಿ ಅಂಗಡಿ, ಎರಡು ಕಿಲೋಮೀಟರ್‌ನಲ್ಲಿ 1,600 ಚದರಡಿಯ ದೊಡ್ಡ ಅಂಗಡಿ ಇದೆ ಅಂದುಕೊಳ್ಳಿ. ಘಾತ ಎರಡು ಎಂದು ಹಿಡಿದರೆ ನಿಮ್ಮದು 400ನ್ನು 1ರಿಂದ ಭಾಗಿಸಿದರೆ 400, ಅವರದು 1,600ನ್ನು 4ರಿಂದ ಭಾಗಿಸಿದರೆ 400. ಸರಿಸಮ! ಆ ಮನೆಯವರು ನಿಮ್ಮಲ್ಲಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ದಿನಸಿಯಂಥ ಸಾಮಾನಿಗೆ ಈ ಘಾತ ಜಾಸ್ತಿ ಇರುತ್ತದೆ, ಯಾಕೆಂದರೆ ಜನ ದೂರ ಹೋಗಲ್ಲ. ಮದುವೆ ಸೀರೆಗೆ ಕಡಿಮೆ, ಅದಕ್ಕಾಗಿ ಮಂಡ್ಯದಿಂದ ಮೈಸೂರಿಗೇ ಹೋಗುತ್ತಾರೆ. ನಿಮ್ಮ ವ್ಯಾಪಾರಕ್ಕೆ ಎಷ್ಟು ಘಾತ ಅನ್ನುವುದನ್ನು ಹೇಳುವುದು ನಿಮ್ಮ ಬಿಲ್ಲುಗಳೇ.

ಈಗ ಬಾಡಿಗೆ. ವಿಜಯನಗರದ್ದು 30,000 ಅಂತ ಇಟ್ಟುಕೊಳ್ಳಿ. ನೂರು ರೂಪಾಯಿ ವ್ಯಾಪಾರದಲ್ಲಿ ನಿಮಗೆ 20 ಉಳಿದರೆ, ಬರೀ ಬಾಡಿಗೆ ಕಟ್ಟಲು ತಿಂಗಳಿಗೆ ಒಂದೂವರೆ ಲಕ್ಷ ವ್ಯಾಪಾರ ಆಗಬೇಕು. ಸರಾಸರಿ ಬಿಲ್ಲು 500 ಆದರೆ ದಿನಕ್ಕೆ ಹತ್ತು ಬಿಲ್ಲು. ಅರಸು ರಸ್ತೆಯಲ್ಲಿ ಅದೇ ಮೂವತ್ತು. ಕೆಲಸದವರ ಸಂಬಳ, ಕರೆಂಟು ಇನ್ನೂ ಸೇರಿಲ್ಲ.

ಅರಸು ರಸ್ತೆಯಲ್ಲಿ ಜನ ಜಾಸ್ತಿ, ನಿಜ. ಆದರೆ ಅವರು ಬರುವುದು ಬಟ್ಟೆ, ಚಪ್ಪಲಿ, ಒಡವೆ ನೋಡಲು, ನಾಲ್ಕು ಅಂಗಡಿ ಸುತ್ತಿ ಹೋಲಿಸಲು. ಐದು ಲೀಟರಿನ ಎಣ್ಣೆ ಕ್ಯಾನು ಹಿಡಿದುಕೊಂಡು ಗಾಡಿ ನಿಲ್ಲಿಸಿದ ಕಡೆಗೆ ನಡೆಯಲು ಯಾರಿಗೂ ಇಷ್ಟವಿರಲ್ಲ. ನನ್ನ ಒಲವು ವಿಜಯನಗರದ ಕಡೆಗೇ. ಆದರೂ ನನ್ನ ಮಾತಿನ ಮೇಲೆ ಅಡ್ವಾನ್ಸ್ ಕೊಡಬೇಡಿ, ಎರಡೂ ಕಡೆ ನಿಂತು ಎಣಿಸಿ. ಬೆಳಿಗ್ಗೆ, ಸಂಜೆ, ಭಾನುವಾರ, ಸಂಬಳ ಬಂದ ವಾರ, ತಿಂಗಳ ಕೊನೇ ವಾರ, ಎಲ್ಲವೂ ಬೇಕು. ಮುಂದೆ ಹಾದುಹೋಗುವವರನ್ನಷ್ಟೇ ಅಲ್ಲ, ಪಕ್ಕದ ದಿನಸಿ ಅಂಗಡಿಗೆ ಹೋಗಿ ಚೀಲ ಹಿಡಿದು ಹೊರಬರುವವರನ್ನೂ ಲೆಕ್ಕ ಹಾಕಿ. ದಸರಾ ಸಮಯದಲ್ಲಿ ಮಾತ್ರ ಎಣಿಸಬೇಡಿ, ಆಗಿನ ಜನ ಮೈಸೂರಿನ ದಿನನಿತ್ಯದ ಗಿರಾಕಿಗಳಲ್ಲ. ಮಳಿಗೆ ರಸ್ತೆಯ ಯಾವ ಬದಿಗಿದೆ ಅನ್ನುವುದೂ ಮುಖ್ಯ. ಕೆಲಸ ಮುಗಿಸಿ ಸಂಜೆ ಮನೆಗೆ ಹೋಗುವ ದಿಕ್ಕಿನಲ್ಲೇ ಇದ್ದರೆ ಜನ ಗಾಡಿ ನಿಲ್ಲಿಸುತ್ತಾರೆ, ಡಿವೈಡರ್ ಸುತ್ತಿ ಬರಬೇಕು ಅಂದರೆ ಮುಂದಕ್ಕೇ ಹೋಗುತ್ತಾರೆ.

ಜನಸಂಖ್ಯೆಗೆ 2011ರ ಜನಗಣತಿಯನ್ನು ನಂಬಿ ಕೂರಬೇಡಿ. ಆಮೇಲೆ ರಿಂಗ್ ರೋಡ್ ಆಚೆ ಎಷ್ಟೋ ಬಡಾವಣೆ ತುಂಬಿವೆ. ಮತಗಟ್ಟೆವಾರು ಮತದಾರರ ಪಟ್ಟಿ ಸಾರ್ವಜನಿಕವಾಗಿ ಸಿಗುತ್ತದೆ, ಅದರಿಂದ ಮನೆಗಳ ಅಂದಾಜು ಸಿಗುತ್ತದೆ. ಅಂದಾಜಿಗಷ್ಟೇ ಬಳಸಿ, ಹೆಸರುಗಳು ನಿಮಗೆ ಬೇಡ. ಹಾಗೇ ಗಿರಾಕಿಗಳ ಫೋನ್ ನಂಬರು ಬರೆದುಕೊಳ್ಳುವುದಾದರೆ ಯಾಕೆ ಅಂತ ಹೇಳಿ, ಒಪ್ಪಿಗೆ ಕೇಳಿ.

ಪ್ರಶ್ನೆ: ಮದ್ದೂರಿನ ಹತ್ತಿರ ಹಳೇ ಬೆಂಗಳೂರು–ಮೈಸೂರು ರಸ್ತೆಯ ಪಕ್ಕ ನಮ್ಮ ಬೇಕರಿ. ಹೊಸ ಹೆದ್ದಾರಿ ಆದ ಮೇಲೆ ವ್ಯಾಪಾರ ಬಿದ್ದಿದೆ. ಜಾಗ ಬದಲಾಯಿಸಲಾ?
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ. 2023ರ ಮಾರ್ಚ್‌ನಲ್ಲಿ ಹೆದ್ದಾರಿ ಉದ್ಘಾಟನೆಯಾಯಿತು, ಬೈಪಾಸ್ ಹಿಡಿದ ಕಾರುಗಳು ಊರೊಳಗೆ ಬರುವುದೇ ಇಲ್ಲ. ಆ ಗಿರಾಕಿಗಳು ವಾಪಸ್ ಬರುತ್ತಾರೆ ಅಂತ ಕಾಯಬೇಡಿ.

ಆದರೆ ಬಿದ್ದಿದ್ದು ಯಾವ ವ್ಯಾಪಾರ ಅಂತ ಬಿಡಿಸಿ ನೋಡಿ. ಪ್ಯಾಕೆಟ್ ತಿಂಡಿ, ನೀರಿನ ಬಾಟಲಿ ದಾರಿಹೋಕರದ್ದು. ಬ್ರೆಡ್ಡು, ಬನ್ನು, ಹುಟ್ಟುಹಬ್ಬದ ಕೇಕು ಊರಿನವರದ್ದು. ಈ ತಿಂಗಳನ್ನು ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ, ಹಬ್ಬ, ಮದುವೆ, ಕಬ್ಬಿನ ದುಡ್ಡು ಬರುವ ಸಮಯ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ಹೆದ್ದಾರಿ ಆಗುವ ಮೊದಲಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಊರಿನವರ ವ್ಯಾಪಾರ ನಿಂತ ಜಾಗದಲ್ಲೇ ಇದ್ದು ಅದರಿಂದಲೇ ಬಾಡಿಗೆ, ಸಂಬಳ ಹುಟ್ಟುವುದಾದರೆ ಅಲ್ಲೇ ಇರಿ, ಸಾಮಾನು ಬದಲಾಯಿಸಿ. ಹುಟ್ಟದಿದ್ದರೆ ಊರೊಳಗೆ, ಶಾಲೆ ಅಥವಾ ಬಸ್ ನಿಲ್ದಾಣದ ಹತ್ತಿರ ಹುಡುಕಿ. ಅದಕ್ಕೂ ಮೊದಲು ಈ ಲೆಕ್ಕವನ್ನೇ ಮಳಿಗೆಯ ಮಾಲೀಕರ ಮುಂದಿಟ್ಟು ಬಾಡಿಗೆ ಇಳಿಸಲು ಕೇಳಿ. ರಸ್ತೆಯಲ್ಲಿ ಗಾಡಿ ಕಡಿಮೆಯಾಗಿರುವುದು ಅವರಿಗೂ ಗೊತ್ತು, ಖಾಲಿ ಮಳಿಗೆ ಅವರಿಗೂ ಬೇಡ.